22 ಸಾವಿರಕ್ಕೆ ಪಿಕಾಸೊ ಎಚಿಂಗ್ ಸಿಗುತ್ತದೆಯಾ? ಗೊತ್ತಿರುವವರು ಹೇಳಿ

ಸರಸ್ವತಿಪುರಂ ಹುಡುಗ
ಆನ್‌ಲೈನ್ ಹರಾಜಿನಲ್ಲಿ ಒಂದು ಪಿಕಾಸೊ ಪ್ರಿಂಟ್ ಕಣ್ಣಿಗೆ ಬಿತ್ತು. 'ವೊಲಾರ್ ಸರಣಿ, ಶಿಲ್ಪಿಯ ಸ್ಟುಡಿಯೊ, ಎಚಿಂಗ್, ಪ್ಲೇಟಿನಲ್ಲೇ ಸಹಿ ಇದೆ, ಫ್ರೇಮ್ ಸಮೇತ' ಅಂತ ಹಾಕಿದ್ದಾರೆ. ಕೇಳುತ್ತಿರುವುದು 22,000 ರೂಪಾಯಿ. ಗಡ್ಡದ ಶಿಲ್ಪಿ ಒರಗಿ ಕೂತಿದ್ದಾನೆ, ಪಕ್ಕದಲ್ಲಿ ಮಾಡೆಲ್, ಇಬ್ಬರೂ ಒಂದು ಕಲ್ಲಿನ ತಲೆಯನ್ನು ನೋಡುತ್ತಿದ್ದಾರೆ. ಬರೀ ಗೆರೆ. ಒಂದು ಗೆರೆಯೂ ಜಾಸ್ತಿ ಇಲ್ಲ. ನೋಡಿದಾಗಿನಿಂದ ತಲೆಯಿಂದ ಹೋಗುತ್ತಿಲ್ಲ.

ಈ ಬೆಲೆಗೆ ನಿಜವಾದದ್ದು ಸಿಗುತ್ತದೆಯಾ? ಇನ್ನೊಂದು, ಇದೇ ಚಿತ್ರ ಮುನ್ನೂರು ಪ್ರತಿ ಇದೆಯಂತೆ. ಮುನ್ನೂರು ಇದ್ದ ಮೇಲೆ ಒರಿಜಿನಲ್ ಹೇಗಾಗುತ್ತದೆ? ಮನೆಯಲ್ಲಿ 'ಝೆರಾಕ್ಸಿಗೆ ಅಷ್ಟು ದುಡ್ಡಾ' ಅಂತ ನಗುತ್ತಿದ್ದಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಫುಟ್‌ಪಾತ್ ಪುಸ್ತಕ
22,000ಕ್ಕೆ ಪಿಕಾಸೊ ಅಂದರೆ ಫ್ರೇಮಿನ ಬೆಲೆ ಅದು, ಸ್ವಾಮಿ.

ಕಪ್ಪು ಶಾಯಿ
ನಾನು ಗ್ರಾಫಿಕ್ಸ್, ಅಂದರೆ ಅಚ್ಚು ತೆಗೆಯುವ ಕಲೆ, ಓದಿದವನು. ಕೈಗೆ ಶಾಯಿ, ಉಗುರಿಗೆ ಆಸಿಡ್ ಎರಡೂ ಅಭ್ಯಾಸ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಎಚಿಂಗ್ ಅಂದರೆ ಮೊದಲು ಮಾಡಿಟ್ಟ ಚಿತ್ರದ ನಕಲು ಅಲ್ಲ. ಕಾಗದದ ಮೇಲೆ ಬರುವವರೆಗೆ ಆ ಚಿತ್ರವೇ ಇರುವುದಿಲ್ಲ. ತಾಮ್ರದ ತಗಡಿಗೆ, ಅಂದರೆ ಪ್ಲೇಟಿಗೆ, ಮೇಣದಂಥ ಒಂದು ಪದರ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಗೀಚಿದರೆ ಗೀಚಿದ ಕಡೆ ಮಾತ್ರ ತಾಮ್ರ ಕಾಣುತ್ತದೆ. ಆಸಿಡ್‌ನಲ್ಲಿ ಇಟ್ಟಾಗ ಆ ಗೆರೆಗಳು ಕೊರೆದುಕೊಳ್ಳುತ್ತವೆ. ಜಾಸ್ತಿ ಹೊತ್ತು ಇಟ್ಟರೆ ಗೆರೆ ಆಳ, ಅಚ್ಚು ಕಪ್ಪು. ಕಮ್ಮಿ ಹೊತ್ತಾದರೆ ಕೂದಲೆಳೆಯಷ್ಟು ತೆಳು. ಆಮೇಲೆ ಶಾಯಿ ತುಂಬಿ, ಗಂಜಿ ಹಾಕಿದ ಒರಟು ಬಟ್ಟೆಯಿಂದ ಮೇಲಿನ ಶಾಯಿ ಒರೆಸಿ, ಕೊನೆಗೆ ಅಂಗೈಯಿಂದಲೇ ಸವರಿ, ಒದ್ದೆ ಕಾಗದ ಹೊದಿಸಿ ಪ್ರೆಸ್‌ನಲ್ಲಿ ಎಳೆಯಬೇಕು. ಒಂದು ಹಾಳೆ ಆಯಿತು. ಮುಂದಿನ ಹಾಳೆಗೆ ಶಾಯಿ ತುಂಬುವುದರಿಂದ ಮತ್ತೆ ಎಲ್ಲ ಶುರು. ಝೆರಾಕ್ಸ್ ಎನ್ನುವವರನ್ನು ಒಂದು ಮಧ್ಯಾಹ್ನ ನಮ್ಮ ಸ್ಟುಡಿಯೊದಲ್ಲಿ ನಿಲ್ಲಿಸಬೇಕು.

ಈಗ ನಿಮ್ಮ ಪ್ರಿಂಟ್. ವೊಲಾರ್ ಅಂದರೆ ಪ್ಯಾರಿಸ್ಸಿನ ಕಲಾ ವ್ಯಾಪಾರಿ, ಅವರ ಹೆಸರಿನ ಈ ಸರಣಿಯಲ್ಲಿ 100 ಪ್ಲೇಟ್‌ಗಳಿವೆ. 1930ರಿಂದ 1937ರ ಮಧ್ಯೆ ಮಾಡಿದ್ದು. ಶಿಲ್ಪಿಯ ಸ್ಟುಡಿಯೊ ವಿಷಯದವೇ 46. ಪ್ಯಾರಿಸ್ಸಿನ ರೋಜರ್ ಲಾಕುರಿಯೇರ್ ಅಚ್ಚು ಹಾಕಿದರು. ಸಣ್ಣ ಹಾಳೆಯಲ್ಲಿ 260 ಪ್ರತಿ, ದೊಡ್ಡ ಹಾಳೆಯಲ್ಲಿ 50, ಚರ್ಮದ ಹಾಳೆಯಲ್ಲಿ 3. ಸಣ್ಣ ಹಾಳೆ ಸುಮಾರು 34 x 45 ಸೆಂಟಿಮೀಟರ್. ಬೆಳಕಿಗೆ ಹಿಡಿದರೆ ಕಾಗದದ ಒಳಗೆ 'ಪಿಕಾಸೊ' ಅಥವಾ 'ವೊಲಾರ್' ಅಂತ ನೀರಚ್ಚು ಕಾಣಬೇಕು. ಮಾರುವವರಿಗೆ ಇದಿಷ್ಟು ಕೇಳಿ: ಫ್ರೇಮಿನಿಂದ ತೆಗೆದ ಫೋಟೊ, ಹಿಂಬದಿಯ ಫೋಟೊ, ಹಾಳೆಯ ಅಳತೆ, ಪ್ಲೇಟಿನ ಅಂಚು ಕಾಗದದಲ್ಲಿ ಒತ್ತಿಕೊಂಡಿದೆಯಾ ಅನ್ನೋದು.

ವಾದಪ್ರಿಯ
ಎಲ್ಲ ಸರಿ. ಆದರೆ ಒತ್ತಿದವನು ಪಿಕಾಸೊ ಅಲ್ಲವಲ್ಲ? ಶಾಯಿ ತುಂಬಿದ್ದು, ಒರೆಸಿದ್ದು, ಎಳೆದದ್ದು ಎಲ್ಲ ಲಾಕುರಿಯೇರ್ ಅಂಗಡಿಯ ಕೆಲಸಗಾರರು. ದುಡ್ಡು ಮಾತ್ರ ಪಿಕಾಸೊ ಹೆಸರಿಗೆ. ಕ್ಯಾನ್ವಾಸ್ ಒಂದೇ ಇರುತ್ತದೆ, ಅದು ಒರಿಜಿನಲ್. ಇದು ಒಳ್ಳೆ ಗುಣಮಟ್ಟದ ಪ್ರತಿ, ಅಷ್ಟೇ.

ಕಪ್ಪು ಶಾಯಿ
ಗೆರೆ ಕೊರೆದ ಕೈ ಯಾವುದು ಅನ್ನೋದು ಮುಖ್ಯ. ಒಂದೇ ಅಚ್ಚಿನಿಂದ ಬಂದ ಬೆಲ್ಲದಲ್ಲಿ ಒರಿಜಿನಲ್ ಯಾವುದು ಅಂತ ಯಾರಾದರೂ ಕೇಳುತ್ತಾರಾ?

ವಾದಪ್ರಿಯ
ಬೆಲ್ಲಕ್ಕೆ ಯಾರೂ ಸಾವಿರಾರು ಡಾಲರ್ ಕೊಡಲ್ಲ.

ಎಡಿಸನ್ ಕನ್ನಡಿಗ
ಎಲ್ಲದಕ್ಕೂ ಸಾವಿರಾರು ಡಾಲರ್ ಇರಲಿಲ್ಲ, ಅದೇ ಮಜಾ. ಇಲ್ಲಿ ಅಮೆರಿಕದಲ್ಲಿ 1934ರಲ್ಲಿ ಅಸೋಸಿಯೇಟೆಡ್ ಅಮೆರಿಕನ್ ಆರ್ಟಿಸ್ಟ್ಸ್ ಅಂತ ಶುರು ಮಾಡಿದರು. ಆರ್ಥಿಕ ಕುಸಿತದ ಕಾಲ, ಕಲಾವಿದರ ಹತ್ತಿರ ಕಾಸಿಲ್ಲ, ಕೊಳ್ಳುವವರ ಹತ್ತಿರವೂ ಇಲ್ಲ. ಥಾಮಸ್ ಹಾರ್ಟ್ ಬೆಂಟನ್, ಗ್ರಾಂಟ್ ವುಡ್ ಅಂಥವರ ಸಹಿ ಇರುವ ಪ್ರಿಂಟ್‌ಗಳನ್ನು ಐದು ಡಾಲರ್‌ಗೆ ಮಾರಿದರು. ಡಿಪಾರ್ಟ್‌ಮೆಂಟ್ ಅಂಗಡಿಯಲ್ಲಿ, ಆಮೇಲೆ ಅಂಚೆಯಲ್ಲೂ.

ಅಂಚೆ ಅಂದ ಕೂಡಲೇ ನೆನಪಾಯ್ತು. ಗ್ರಾಂಟ್ ವುಡ್ ಒಂದು ಲಿಥೋಗ್ರಾಫ್ (ಕಲ್ಲಚ್ಚು) ಮಾಡಿದರು, 'ಸಲ್ಟ್ರಿ ನೈಟ್'. ಬೇಸಿಗೆ ರಾತ್ರಿ, ದನಗಳಿಗೆ ನೀರಿಡುವ ತೊಟ್ಟಿ, ಪಕ್ಕದಲ್ಲಿ ಒಬ್ಬ ರೈತ ಬಟ್ಟೆ ಬಿಚ್ಚಿ ಬಕೆಟ್‌ನಿಂದ ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದಾನೆ. ಅಂಚೆ ಇಲಾಖೆಯವರು ಇದು ಅಶ್ಲೀಲ, ಸಾಗಿಸಲ್ಲ ಅಂದರು. ಅಂಚೆಯಲ್ಲಿ ಕಳಿಸೋಕೆ ಆಗದ ಮೇಲೆ ಎಂದಿನ ಹಾಗೆ 250 ಪ್ರತಿ ಹಾಕಿ ಏನು ಪ್ರಯೋಜನ? ನೂರಕ್ಕೇ ನಿಲ್ಲಿಸಿದರು. ಇವತ್ತು ಅವರ ಪ್ರಿಂಟ್‌ಗಳಲ್ಲಿ ಎಲ್ಲರೂ ಹುಡುಕುವುದು ಅದನ್ನೇ!

ಎಡ್ವರ್ಡ್ ಹಾಪರ್ ಕಥೆಯೂ ಹೀಗೇ. ಪೇಂಟಿಂಗ್ ಮಾರಾಟ ಆಗದ ಕಾಲದಲ್ಲಿ ಎಚಿಂಗ್ ಮಾಡಿಯೇ ಹೆಸರು ಮಾಡಿದ್ದು. 1921ರ 'ನೈಟ್ ಶ್ಯಾಡೋಸ್' ಹುಡುಕಿ ನೋಡಿ. ಮೇಲಿನ ಕಿಟಕಿಯಿಂದ ನೋಡಿದ ಹಾಗೆ ಖಾಲಿ ಬೀದಿ, ಒಬ್ಬನೇ ಮನುಷ್ಯ, ದೀಪದ ಕಂಬದ ನೆರಳು ರಸ್ತೆಗೆ ಅಡ್ಡ ಬಿದ್ದಿದೆ. ಆ ಕಂಬ ಚಿತ್ರದಲ್ಲಿ ಕಾಣುವುದೇ ಇಲ್ಲ. 1924ರಲ್ಲಿ ಒಂದು ವಾರಪತ್ರಿಕೆ ಇದನ್ನು ಆರು ಎಚಿಂಗ್‌ಗಳ ಕಟ್ಟಿನಲ್ಲಿ ಸೇರಿಸಿ ಚಂದಾದಾರರಿಗೆ ಕೊಟ್ಟಿತ್ತು.

ಫುಟ್‌ಪಾತ್ ಪುಸ್ತಕ
ನಮಗೆ ಚಂದಾ ಕಟ್ಟಿದರೆ ಕ್ಯಾಲೆಂಡರ್ ಕೊಡುತ್ತಾರೆ 😀

ಮಲ್ಲಿಗೆ ಹಂಬು
ವಾದಪ್ರಿಯ ಅವರೇ, ಕ್ಯಾನ್ವಾಸ್‌ನಲ್ಲಿ ಆಗದ ಒಂದು ಕೆಲಸ ಪ್ರಿಂಟ್‌ನಲ್ಲಿ ಆಗುತ್ತದೆ. ಪಿಕಾಸೊ ಗೂಳಿಯ ಲಿಥೋಗ್ರಾಫ್ ನೋಡಿದ್ದೀರಾ? ಪ್ಯಾರಿಸ್ಸಿನ ಮೂರ್ಲೊ ಪ್ರೆಸ್‌ನಲ್ಲಿ, 1945ರ ಡಿಸೆಂಬರ್‌ನಿಂದ 1946ರ ಜನವರಿವರೆಗೆ ಮಾಡಿದ್ದು. ಒಂದೇ ಕಲ್ಲು, 11 ಹಂತ. ಶುರುವಿನಲ್ಲಿ ಕುಂಚದಲ್ಲಿ ಬರೆದ ಸಾಮಾನ್ಯ ಗೂಳಿ. ಆಮೇಲೆ ಮೈ ತುಂಬಿಕೊಂಡು ದಪ್ಪ ಆಗುತ್ತದೆ, ಘೇಂಡಾಮೃಗದ ಹಾಗೆ. ಅಲ್ಲಿಂದ ಮುಂದೆ ಮಾಂಸ, ಸ್ನಾಯು ಎಲ್ಲ ಕೆರೆದು ತೆಗೆಯುತ್ತಾ ಹೋಗಿ ಕೊನೆಯಲ್ಲಿ ಉಳಿಯುವುದು ಏಳೆಂಟು ಗೆರೆ, ಚಿಕ್ಕ ತಲೆ, ಎರಡು ಕೊಂಬು. ಕ್ಯಾನ್ವಾಸ್ ಆಗಿದ್ದರೆ ಕೊನೆಯದ್ದು ಮಾತ್ರ ಉಳಿಯುತ್ತಿತ್ತು, ಹಿಂದಿನ ಹತ್ತೂ ಬಣ್ಣದಡಿ ಮುಚ್ಚಿಹೋಗುತ್ತಿದ್ದವು. ಇಲ್ಲಿ ಪ್ರತಿ ಹಂತದಲ್ಲೂ ಅಚ್ಚು ತೆಗೆದಿಟ್ಟರು. ಯೋಚನೆ ಮಾಡುವುದನ್ನೇ ಸಾಲಾಗಿ ನೋಡಬಹುದು.

ವಾದಪ್ರಿಯ
ಗೂಳಿ ಒಪ್ಪಿಕೊಂಡೆ. ಹಾಗಾದರೆ ಅಮೆರಿಕದ ಆಂಡಿ ವಾರ್ಹೋಲ್ ಬಗ್ಗೆ ಏನು ಹೇಳುತ್ತೀರಿ? ಅಲ್ಲಿ ಗೆರೆ ಕೊರೆದ ಕೈ ಎಲ್ಲಿದೆ? ನಟಿ ಮೆರಿಲಿನ್ ಮನ್ರೋ ಅವರ ಸಿನಿಮಾ ಪ್ರಚಾರದ ಫೋಟೊ ತಗೊಂಡು ಜಾಲರಿಯ ಸ್ಕ್ರೀನ್ ಮಾಡಿಸಿ ಬಣ್ಣ ಎಳೆಸಿದ್ದು. 1967ರ ಮೆರಿಲಿನ್ ಕಟ್ಟು, ಹತ್ತು ಬಣ್ಣಗಳಲ್ಲಿ ಹತ್ತು ಹಾಳೆ, 250 ಸೆಟ್. ಶಾಯಿ ಅವರ 'ಕೈ' ಸಿದ್ಧಾಂತದ ಪ್ರಕಾರ ಅದು ಒರಿಜಿನಲ್ ಅಲ್ಲ, ಅಲ್ವಾ?

ಕಪ್ಪು ಶಾಯಿ
ಒಳ್ಳೆ ಪ್ರಶ್ನೆ, ಬೈಯೋಕೆ ಆಗುತ್ತಿಲ್ಲ. ಫೋಟೊ ಬಳಸಿದ ಮಾತ್ರಕ್ಕೆ ಕೆಟ್ಟಿತು ಅಂತ ನಾನು ಹೇಳಲ್ಲ. ಫ್ರಾನ್ಸಿನ ಚಿತ್ರಕಾರ ರೂವೊ ಅವರ 'ಮಿಸೆರೆರೆ' ಸರಣಿ ತಗೊಳ್ಳಿ, 58 ಪ್ಲೇಟ್. ಮೊದಲು ಮಾಡಿದ್ದು ಚಿತ್ರಗಳನ್ನು. ಅವನ್ನು ಫೋಟೊ ವಿಧಾನದಿಂದ ತಾಮ್ರಕ್ಕೆ ಇಳಿಸಿಕೊಟ್ಟರು. ಆತನಿಗೆ ಅದು ಹಿಡಿಸಲಿಲ್ಲ. ಉಜ್ಜಿ, ಕೆರೆದು, ಆಸಿಡ್ ಸವರಿ, ಉಳಿಯಿಂದ ಕೊರೆದು ವರ್ಷಗಟ್ಟಲೆ ಕೂತರು. 1920ರ ದಶಕದಲ್ಲಿ ಮುಗಿದ ಪ್ಲೇಟ್‌ಗಳು ಪ್ರಕಟ ಆಗಿದ್ದು 1948ರಲ್ಲಿ. ಅಡಿಯಲ್ಲಿ ಫೋಟೊ ಇದೆ, ಮೇಲೆ ಇರುವುದೆಲ್ಲ ಮನುಷ್ಯ. ಆ ಕಪ್ಪಿನ ಮುಂದೆ ನಿಂತವರು ಯಾರೂ ಇದು ಫೋಟೊ ಅನ್ನಲ್ಲ.

ವಾರ್ಹೋಲ್ ವಿಷಯದಲ್ಲಿ ಕೈಗಿಂತ ತೀರ್ಮಾನ ಮುಖ್ಯ. ಯಾವ ಬಣ್ಣ, ಎಷ್ಟು ಸರಿಸಿ ಹಾಕಬೇಕು, ತುಟಿ ಎಲ್ಲಿ ತಪ್ಪಿ ಕೂರಬೇಕು. ನನಗೆ ಅದು ಅಷ್ಟು ಇಷ್ಟ ಇಲ್ಲ, ಅದು ಬೇರೆ ಮಾತು.

ಎಡಿಸನ್ ಕನ್ನಡಿಗ
ವಾರ್ಹೋಲ್ ವಿಷಯ ಬಂದಿದ್ದಕ್ಕೆ ಎಚ್ಚರಿಕೆ. 'ಸಂಡೇ ಬಿ. ಮಾರ್ನಿಂಗ್' ಅನ್ನುವ ಹೆಸರಿನಲ್ಲಿ 1970ರಿಂದ ಮೆರಿಲಿನ್ ಪ್ರಿಂಟ್‌ಗಳು ಬಂದಿವೆ. ಹಿಂದೆ 'ನಿಮ್ಮದೇ ಸಹಿ ಹಾಕಿಕೊಳ್ಳಿ' ಅಂತ ಮುದ್ರೆ ಇರುತ್ತದೆ. ಕೆಲವಕ್ಕೆ ವಾರ್ಹೋಲ್ 'ಇದು ನನ್ನದಲ್ಲ' ಅಂತ ಬರೆದು ಕೆಳಗೆ ಸಹಿ ಹಾಕಿದ್ದೂ ಉಂಟು. ನನ್ನದಲ್ಲ ಅಂತ ಬರೆದದ್ದರಿಂದಲೇ ಅದರ ಬೆಲೆ ಏರಿತು! ಇಲ್ಲಿ ಮನೆ ಖಾಲಿ ಮಾಡುವಾಗ ಮಾರುವ ಸಾಮಾನಿನಲ್ಲಿ ಇವು ಸಿಗುತ್ತವೆ, ಜನ ನಿಜವಾದದ್ದು ಅಂದುಕೊಂಡು ಕೊಳ್ಳುತ್ತಾರೆ.

ಮಲ್ಲಿಗೆ ಹಂಬು
ಸಹಿ ನಂಬಬೇಡಿ ಅನ್ನುವುದಕ್ಕೆ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಗಿಂತ ಉದಾಹರಣೆ ಬೇಕಾ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಅಂಡೋರಾಕ್ಕೆ ಹೊರಟಿದ್ದ ಒಂದು ಲಾರಿ ತಡೆದರು. ಒಳಗೆ ಸುಮಾರು 40,000 ಖಾಲಿ ಹಾಳೆ. ಎಲ್ಲದರ ಕೆಳಗೆ ಡಾಲಿ ಸಹಿ. ಚಿತ್ರ ಆಮೇಲೆ ಬೇಕಾದವರು ಬೇಕಾದ್ದು ಹಾಕಿಕೊಳ್ಳಬಹುದು. ಅಂದರೆ ಸಹಿ ನೂರಕ್ಕೆ ನೂರು ಅಸಲಿ, ಪ್ರಿಂಟ್ ನಕಲಿ.

ಫುಟ್‌ಪಾತ್ ಪುಸ್ತಕ
ಖಾಲಿ ಚೆಕ್ಕಿಗೆ ಸಹಿ ಮಾಡಬೇಡ ಅಂತ ಅಪ್ಪ ಹೇಳುತ್ತಿದ್ದದ್ದು ಡಾಲಿಗೆ ಯಾರೂ ಹೇಳಲಿಲ್ಲ ಅನ್ಸುತ್ತೆ.

ಸರಸ್ವತಿಪುರಂ ಹುಡುಗ
ಓದುತ್ತಾ ಇದ್ದೇನೆ, ತುಂಬಾ ಉಪಯೋಗ ಆಗುತ್ತಿದೆ. 'ಪ್ಲೇಟಿನಲ್ಲೇ ಸಹಿ' ಅಂದರೆ ಏನು? ಪೆನ್ಸಿಲ್ ಸಹಿಗಿಂತ ಒಳ್ಳೆಯದಾ?

ಕಪ್ಪು ಶಾಯಿ
ಪ್ಲೇಟಿನಲ್ಲಿ ಸಹಿ ಅಂದರೆ ತಾಮ್ರದಲ್ಲೇ ಕೊರೆದ ಸಹಿ. ಅದು ಚಿತ್ರದ ಭಾಗ. ಪ್ರತಿ ಹಾಳೆಯಲ್ಲೂ ಬರುತ್ತದೆ, ಆ ಚಿತ್ರದ ಫೋಟೊ ತೆಗೆದು ಪುಸ್ತಕದಲ್ಲಿ ಹಾಕಿದರೂ ಬರುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಮಾರುವವರಿಗೆ ಬಹಳ ಪ್ರಿಯವಾದ ಮಾತು ಅದು, ಸುಮ್ನೆ ತೂಕ ಬರಲಿ ಅಂತ ಹಾಕುತ್ತಾರೆ.

ಪೆನ್ಸಿಲ್ ಸಹಿ ಆಮೇಲೆ ಹಾಳೆಯ ಮೇಲೆ ಹಾಕುವುದು. ವೊಲಾರ್ ಸರಣಿಯಲ್ಲಿ ಅದಕ್ಕೊಂದು ಕಥೆ ಇದೆ. ಆಂಬ್ರೋಸ್ ವೊಲಾರ್ 1939ರ ಜುಲೈಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅಚ್ಚಾಗಿತ್ತು, ಹಂಚಿರಲಿಲ್ಲ, ಪಿಕಾಸೊ ಸಹಿಯೂ ಆಗಿರಲಿಲ್ಲ. ಯುದ್ಧ ಬೇರೆ. ಆನ್ರಿ ಪೆಟಿಯೆ ಅನ್ನುವ ವ್ಯಾಪಾರಿ ಅವನ್ನು ಕೊಂಡು, ವರ್ಷಗಳ ಕಾಲ ಪಿಕಾಸೊ ಹತ್ತಿರ ಸ್ವಲ್ಪ ಸ್ವಲ್ಪ ಹಾಳೆಗೆ ಸಹಿ ಹಾಕಿಸಿಕೊಂಡರು. ಸಹಿ ಇಲ್ಲದೆ ಉಳಿದವೂ ಇವೆ, ಅವೂ ಅಸಲಿಯೇ. ಆದ್ದರಿಂದ ಕಾಗದ ನೋಡಿ, ಗೆರೆ ನೋಡಿ. ಸಹಿ ಕೊನೆಗೆ.

ಪ್ರೆಸ್ ಚಕ್ರ
ಕಪ್ಪು ಶಾಯಿ ಅವರು ಬಿಟ್ಟಿದ್ದು ಒಂದಿದೆ. ಈ ಸರಣಿಯನ್ನು ಆಮೇಲೆ ಪುಸ್ತಕವಾಗಿಯೂ ಅಚ್ಚು ಹಾಕಿದ್ದಾರೆ. ಆ ಪುಸ್ತಕದ ಹಾಳೆ ಕತ್ತರಿಸಿ ಫ್ರೇಮ್ ಹಾಕಿ ಮಾರುವವರಿದ್ದಾರೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ತಗೊಂಡು ನೋಡಿ. ಸಾಲಾಗಿ ಜೋಡಿಸಿದ ಚುಕ್ಕಿ ಕಂಡರೆ ಆಫ್‌ಸೆಟ್. ನಿಜವಾದ ಎಚಿಂಗ್‌ನಲ್ಲಿ ಶಾಯಿ ಕಾಗದದ ಮೇಲೆ ಉಬ್ಬಿ ಕೂತಿರುತ್ತದೆ, ಬೆಳಕು ಓರೆಯಾಗಿ ಬಿದ್ದಾಗ ಗೆರೆಗೆ ಸಣ್ಣ ನೆರಳು ಬರುತ್ತದೆ. ಪಿಕಾಸೊ ಬಹಳ ಪ್ಲೇಟ್‌ಗಳಲ್ಲಿ ತಾರೀಖನ್ನು ನೇರವಾಗಿಯೇ ಗೀಚುತ್ತಿದ್ದರು, ಅಚ್ಚಿನಲ್ಲಿ ಅದು ತಿರುಗುಮುರುಗು ಕಾಣುತ್ತದೆ. ಜಾರ್ಜ್ ಬ್ಲಾಕ್ ಮಾಡಿದ ಪಿಕಾಸೊ ಪ್ರಿಂಟ್‌ಗಳ ಪಟ್ಟಿಯಲ್ಲಿ ಇಡೀ ಸರಣಿಗೆ 134ರಿಂದ 233ರವರೆಗೆ ನಂಬರ್ ಇದೆ. ನಂಬರ್ ಯಾವುದು ಅಂತ ಮಾರುವವರಿಗೆ ಕೇಳಿ. ಹೇಳೋಕೆ ಬರದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎಡಿಸನ್ ಕನ್ನಡಿಗ
ಹೊರಗಿನಿಂದ ತರಿಸುವವರಿಗೆ: ಕಸ್ಟಮ್ಸ್‌ನಲ್ಲೂ ಇದೇ ಜಗಳ. ಅವರ ಸರಕುಗಳ ಪಟ್ಟಿಯಲ್ಲಿ 9702 ಅನ್ನುವ ಶೀರ್ಷಿಕೆಯಲ್ಲಿ ಒರಿಜಿನಲ್ ಪ್ರಿಂಟ್ ಬರುತ್ತದೆ. ಕಲಾವಿದ ಪೂರ್ತಿ ಕೈಯಿಂದ ಮಾಡಿದ ಪ್ಲೇಟಿನಿಂದ ನೇರವಾಗಿ ತೆಗೆದದ್ದಾಗಿರಬೇಕು. ಯಂತ್ರದಿಂದ ಅಥವಾ ಫೋಟೊ ವಿಧಾನದಿಂದ ಮಾಡಿದ್ದಕ್ಕೆ ಅಲ್ಲಿ ಜಾಗ ಇಲ್ಲ.

ವಾದಪ್ರಿಯ
ನೋಡಿ! ಕಸ್ಟಮ್ಸ್‌ನವರೂ ನನ್ನ ಪಕ್ಷ. ವಾರ್ಹೋಲ್ ಹೊರಗೆ.

ಮಲ್ಲಿಗೆ ಹಂಬು
ಕಲೆ ಯಾವುದು ಅಂತ ಕಸ್ಟಮ್ಸ್ ಕೌಂಟರ್‌ನಲ್ಲಿ ತೀರ್ಮಾನ ಆಗಬೇಕಾದರೆ ದೇವರೇ ಗತಿ.

ಕೊಪ್ಪದ ಮಳೆ
ಸ್ವಲ್ಪ ವಿಷಯ ಬಿಟ್ಟು. ನಮ್ಮ ಕಡೆ ಪ್ರಿಂಟ್ ಇಡುವುದೇ ಕಷ್ಟ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಕಾಗದದ ಮೇಲೆ ಕಂದು ಚುಕ್ಕಿ ಏಳುತ್ತದೆ. ನನ್ನ ಹತ್ತಿರ ಇದ್ದ ಒಂದು ಹಳೆಯ ಜರ್ಮನ್ ವುಡ್‌ಕಟ್ (ಮರದಚ್ಚು) ಅನ್ನು ಪೇಟೆಯ ಫ್ರೇಮ್ ಅಂಗಡಿಗೆ ಕೊಟ್ಟೆ. ಆತ ತನ್ನ ಹತ್ತಿರ ಇದ್ದ ಫ್ರೇಮಿಗೆ ಕೂರಲಿ ಅಂತ ನಾಲ್ಕೂ ಅಂಚು ಕತ್ತರಿಸಿಬಿಟ್ಟ. ಪೆನ್ಸಿಲ್‌ನಲ್ಲಿ ಬರೆದ ನಂಬರು, ಸಹಿ ಎಲ್ಲ ಹೋಯಿತು. ಹಿಂದೆ ಸೆಲೋಟೇಪ್ ಬೇರೆ. 'ಕ್ಲೀನಾಗಿ ಮಾಡಿದೀನಿ ಸಾರ್' ಅಂದ. ಏನು ಹೇಳಲಿ.

ಪ್ರೆಸ್ ಚಕ್ರ
ಅಯ್ಯೋ, ಓದಿಯೇ ಹೊಟ್ಟೆ ಉರಿಯಿತು. ಇನ್ನು ಮುಂದೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ನೀವೇ ಕೊಡಿ, ಗಾಜು ಕಾಗದಕ್ಕೆ ತಾಗಬಾರದು, ಹೊರಗಿನ ಗೋಡೆಗೆ ನೇತು ಹಾಕಬೇಡಿ. ಟೇಪ್ ಬದಲು ಗೋಧಿ ಗಂಜಿ ಹಚ್ಚಿದ ತೆಳು ಜಪಾನಿ ಕಾಗದ. ಬೇಕಾದಾಗ ಒದ್ದೆ ಮಾಡಿದರೆ ಬಿಡಿಸಿಕೊಳ್ಳುತ್ತದೆ. ಯಾರ ವುಡ್‌ಕಟ್ ಅದು?

ಕೊಪ್ಪದ ಮಳೆ
ದೊಡ್ಡ ಹೆಸರೇನಲ್ಲ. ನನಗೆ ಇಷ್ಟ ಇರುವುದು ಜರ್ಮನ್ ಕಲಾವಿದೆ ಕೇಟೆ ಕೊಲ್ವಿಟ್ಸ್, ಅದು ಕೈಗೆಟುಕಲಿಲ್ಲ.

ಮಲ್ಲಿಗೆ ಹಂಬು
ಕೊಲ್ವಿಟ್ಸ್ ಹೆಸರು ಇಷ್ಟು ಹೊತ್ತು ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಎಲ್ಲರೂ ಪಿಕಾಸೊ, ವಾರ್ಹೋಲ್ ಅಂತ ಕೂತಿದ್ದೀರಿ.

1903ರಲ್ಲಿ ಆಕೆ ಒಂದು ಎಚಿಂಗ್ ಮಾಡಿದರು. ತಾಯಿ, ಸತ್ತ ಮಗು. ತಾಯಿ ನೆಲದ ಮೇಲೆ ಕಾಲು ಮಡಚಿ ಕೂತು ಮಗುವಿನ ಎದೆಗೆ ಮುಖ ಹುದುಗಿಸಿದ್ದಾಳೆ. ಪ್ರಾಣಿ ತನ್ನ ಮರಿಯನ್ನು ಹಿಡಿದುಕೊಂಡ ಹಾಗಿದೆ, ಅಳು ಅಂತ ಕಾಣುವುದೇ ಇಲ್ಲ. ಕನ್ನಡಿಯ ಮುಂದೆ ತಾನೇ ಕೂತು, ಏಳು ವರ್ಷದ ಮಗ ಪೀಟರ್‌ನನ್ನು ತೋಳಲ್ಲಿ ಹಿಡಿದು ಬರೆದದ್ದು. 1914ರ ಅಕ್ಟೋಬರ್‌ನಲ್ಲಿ ಅದೇ ಪೀಟರ್ ಯುದ್ಧದಲ್ಲಿ ಸತ್ತ. ಆಮೇಲೆ 'ಯುದ್ಧ' ಅನ್ನುವ ಏಳು ಮರದಚ್ಚಿನ ಸರಣಿ ಬಂತು, 1920ರ ದಶಕದ ಶುರುವಿನಲ್ಲಿ. ಎಚಿಂಗ್‌ನ ಸೂಕ್ಷ್ಮ ಗೆರೆ ಎಲ್ಲ ಬಿಟ್ಟು ಬರೀ ಕಪ್ಪು ಬಿಳುಪು. ನಮ್ಮಲ್ಲಿ ಸೋಮನಾಥ ಹೋರ್ ಅಂಥವರ ಕೆಲಸದ ಹಿಂದೆ ಈಕೆಯ ನೆರಳು ಇದೆ.

ಆಕೆಗೆ ಪ್ರಿಂಟ್ ಬೇಕಾಗಿದ್ದೇ ತುಂಬಾ ಜನಕ್ಕೆ ತಲುಪಲಿ ಅಂತ. ಒಂದೇ ಇದ್ದರೆ ಬೆಲೆ ಅನ್ನುವ ಲೆಕ್ಕ ಅಲ್ಲಿ ನಡೆಯಲ್ಲ.

ವಾದಪ್ರಿಯ
ಅದು ಒಪ್ಪುತ್ತೇನೆ. ಆದರೆ ಸತ್ತ ಮೇಲೆ ಅದೇ ಪ್ಲೇಟಿನಿಂದ ತೆಗೆದ ಅಚ್ಚು? ಅದೂ ಅಸಲಿಯಾ? ಕೈ ಆಕೆಯದ್ದೇ, ತಾಮ್ರ ಆಕೆಯದ್ದೇ.

ಕಪ್ಪು ಶಾಯಿ
ಆಹಾ, ಈಗ ಸರಿಯಾದ ಜಾಗಕ್ಕೆ ಬಂದಿರಿ. ಅಸಲಿ ಪ್ಲೇಟ್, ಆದರೆ ಬೇರೆ ದರ್ಜೆ. ಕಲಾವಿದರು ಇದ್ದಾಗ ತೆಗೆದದ್ದಕ್ಕೂ ಆಮೇಲೆ ತೆಗೆದದ್ದಕ್ಕೂ ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸ. ಜಾಕ್ಸನ್ ಪೊಲಾಕ್ 1944-45ರಲ್ಲಿ ಆಗ ನ್ಯೂಯಾರ್ಕ್‌ನಲ್ಲಿದ್ದ ಅಟೆಲಿಯೆ 17 ಅನ್ನುವ ಪ್ರಿಂಟ್ ಸ್ಟುಡಿಯೊದಲ್ಲಿ ಕೆಲವು ಪ್ಲೇಟ್ ಕೊರೆದರು. ಅವರು ಸತ್ತ ಎಷ್ಟೋ ವರ್ಷದ ಮೇಲೆ, 1967ರಲ್ಲಿ ಅದರಿಂದ ಎಡಿಷನ್, ಅಂದರೆ ನಿಗದಿ ಸಂಖ್ಯೆಯ ಪ್ರತಿಗಳನ್ನು, ತೆಗೆದರು. ಪೊಲಾಕ್ ಅದನ್ನು ಹಾಗೇ ಒಪ್ಪುತ್ತಿದ್ದರಾ ಅಂತ ಯಾರನ್ನು ಕೇಳುವುದು?

ಪಿಕಾಸೊದೇ ಇನ್ನೊಂದು. 1904ರ 'ಬಡವರ ಊಟ', ಒಣಗಿದ ಗಂಡ ಹೆಂಡತಿ, ಮುಂದೆ ಖಾಲಿ ತಟ್ಟೆ. ಹೊಸ ತಗಡಿಗೆ ದುಡ್ಡಿಲ್ಲದೆ ಬೇರೆಯವರು ಬಳಸಿದ ಸತುವಿನ ಪ್ಲೇಟ್ ಕೆರೆದು ಮಾಡಿದ್ದು. ಮೊದಲು ತೆಗೆದದ್ದು ಕೆಲವೇ ಪ್ರತಿ. 1913ರಲ್ಲಿ ವೊಲಾರ್ ಆ ಪ್ಲೇಟಿಗೆ ಉಕ್ಕಿನ ತೆಳು ಲೇಪ ಕೊಡಿಸಿ 250 ಹಾಕಿದರು. ಲೇಪ ಕೊಟ್ಟರೆ ಪ್ಲೇಟ್ ಸವೆಯುವುದಿಲ್ಲ, ಆದರೆ ಮೊದಲಿನ ಆ ಮಸಿಯ ಮೃದುತನ ಹೋಗುತ್ತದೆ. ಮೊದಲಿನದನ್ನೂ ಇದನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ.

ಫುಟ್‌ಪಾತ್ ಪುಸ್ತಕ
ಅಟೆಲಿಯೆ 17 ಅಂದರೆ ಕೃಷ್ಣ ರೆಡ್ಡಿ ಇದ್ದದ್ದಲ್ವಾ? ನಮ್ಮ ಬೆಂಗಳೂರಿನವರು?

ಪ್ರೆಸ್ ಚಕ್ರ
ಬೆಂಗಳೂರಿನವರಲ್ಲ, ಚಿತ್ತೂರಿನ ಕಡೆಯವರು. ಶಾಂತಿನಿಕೇತನದಲ್ಲಿ ಓದಿ, ಲಂಡನ್, ಆಮೇಲೆ ಪ್ಯಾರಿಸ್. ಅಟೆಲಿಯೆ 17 ಅನ್ನು 1927ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಶುರು ಮಾಡಿದ್ದು. ಪಿಕಾಸೊ, ಮಿರೊ ಎಲ್ಲ ಅಲ್ಲಿ ಕೆಲಸ ಮಾಡಿದವರೇ. ಹೇಟರ್ ಜೊತೆ ಆ ಸ್ಟುಡಿಯೊ ನಡೆಸುವ ಮಟ್ಟಕ್ಕೆ ರೆಡ್ಡಿ ಬೆಳೆದರು. 2018ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಅಲ್ಲಿ ಆದ ದೊಡ್ಡ ಕೆಲಸ ವಿಸ್ಕಾಸಿಟಿ ಪ್ರಿಂಟಿಂಗ್. ಮುಂಚೆ ಬಣ್ಣದ ಎಚಿಂಗ್ ಅಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟ್. ಇಲ್ಲಿ ಒಂದೇ ಪ್ಲೇಟ್, ಬೇರೆ ಬೇರೆ ಆಳಕ್ಕೆ ಕೊರೆದದ್ದು. ಒಂದು ಶಾಯಿಗೆ ಎಣ್ಣೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಗಟ್ಟಿ ರೋಲರ್ ಮೇಲ್ಮೈಗೆ ಮಾತ್ರ ತಾಗುತ್ತದೆ, ಮೆತ್ತನೆ ರೋಲರ್ ತಗ್ಗಿನೊಳಗೂ ಇಳಿಯುತ್ತದೆ. ತೆಳು ಶಾಯಿಯ ಮೇಲೆ ಗಟ್ಟಿ ಶಾಯಿ ಹೋದರೆ ಅಂಟುವುದಿಲ್ಲ. ಹಾಗಾಗಿ ಎಲ್ಲ ಬಣ್ಣ ಒಂದೇ ಸಲ ಪ್ರೆಸ್‌ಗೆ ಹೋದರೂ ಕಲಸಿಕೊಳ್ಳದೆ ಬರುತ್ತವೆ. ಕಾಲೇಜಿನಲ್ಲಿ ಮಾಡಿ ನೋಡಿದ್ದೇವೆ. ಎಣ್ಣೆ ಸ್ವಲ್ಪ ಹೆಚ್ಚು ಕಮ್ಮಿ ಆದರೆ ಎಲ್ಲ ಕೆಸರು.

ವಾದಪ್ರಿಯ
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಕಲ್ಲು ಒಡೆದ ಅಮೆರಿಕದ ಪ್ರಿಂಟ್ ಒಂದಿದೆಯಂತಲ್ಲ, ಅದು ಯಾರದ್ದು?

ಎಡಿಸನ್ ಕನ್ನಡಿಗ
ರಾಬರ್ಟ್ ರೌಶೆನ್‌ಬರ್ಗ್. ಲಾಂಗ್ ಐಲೆಂಡ್‌ನಲ್ಲಿ ಟಟ್ಯಾನಾ ಗ್ರಾಸ್‌ಮನ್ ತಮ್ಮ ಮನೆಯಲ್ಲೇ ಪ್ರೆಸ್ ಇಟ್ಟಿದ್ದರು. ಅಲ್ಲಿ ಅಚ್ಚು ಎಳೆಯುವಾಗ ಲಿಥೋ ಕಲ್ಲು ಮುರಿಯಿತು. ರೌಶೆನ್‌ಬರ್ಗ್ ಮುರಿದ ಕಲ್ಲಿನಿಂದಲೇ ಎಡಿಷನ್ ತೆಗೆದರು. ಚಿತ್ರದ ಮಧ್ಯೆ ಓರೆಯಾಗಿ ಬಿಳಿ ಬಿರುಕು, ಕೆಳಗೆ ಉದುರಿದ ಚೂರುಗಳು. ಹೆಸರೂ 'ಆಕ್ಸಿಡೆಂಟ್'. 1963ರಲ್ಲಿ ಲುಬ್ಲಿಯಾನಾದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು.

ಸರಸ್ವತಿಪುರಂ ಹುಡುಗ
ಅಪ್‌ಡೇಟ್. ಮಾರುವವರು ಫೋಟೊ ಕಳಿಸಿದರು. ಬ್ಲಾಕ್ ನಂಬರ್ ಕೇಳಿದ್ದಕ್ಕೆ 'ಯಾವ ಬ್ಲಾಕ್ ಸಾರ್, ನಮ್ಮದು ಎರಡನೇ ಸ್ಟೇಜ್' ಅಂದರು 😀 ಹಾಳೆಯ ಅಗಲ 24 ಸೆಂಟಿಮೀಟರ್. ಪ್ಲೇಟಿನ ಅಂಚು ಇಲ್ಲ. ಹತ್ತಿರದ ಫೋಟೊದಲ್ಲಿ ಗೆರೆಯ ತುದಿಯಲ್ಲಿ ಚುಕ್ಕಿ ಚುಕ್ಕಿ. ಹಿಂಬದಿಯಲ್ಲಿ ಇನ್ನೊಂದು ಚಿತ್ರ ಅಚ್ಚಾಗಿದೆ!

ಕಪ್ಪು ಶಾಯಿ
ಹಿಂದೆಯೂ ಚಿತ್ರವಾ! ಪುಸ್ತಕದ ಹಾಳೆ. ವಿಷಯ ಮುಗಿಯಿತು.

ಫುಟ್‌ಪಾತ್ ಪುಸ್ತಕ
ಒಂದಕ್ಕೆ ಒಂದು ಫ್ರೀ. ಬಿಡಬೇಡಿ.

ವಾದಪ್ರಿಯ
ಚಿತ್ರ ಇಷ್ಟವಾಗಿದ್ದರೆ 500 ರೂಪಾಯಿಗೆ ತಗೊಳ್ಳಿ, ತಪ್ಪೇನು? ಗೋಡೆಗೆ ಅಷ್ಟು ಸಾಕು.

ಮಲ್ಲಿಗೆ ಹಂಬು
500ಕ್ಕೆ ಪೋಸ್ಟರ್ ಅಂತ ಮಾರಿದರೆ ತಕರಾರಿಲ್ಲ. ಎಚಿಂಗ್ ಅಂತ ಬರೆದದ್ದಕ್ಕೆ ಆ ಜಾಲತಾಣಕ್ಕೆ ದೂರು ಕೊಡಿ, ಇನ್ನೊಬ್ಬರು 22,000 ಕಳೆದುಕೊಳ್ಳುವುದು ಬೇಡ.

ಸರಸ್ವತಿಪುರಂ ಹುಡುಗ
ದೂರು ಹಾಕಿದೆ. ಅಕ್ಕ ಲಂಡನ್‌ನಲ್ಲಿದ್ದಾಳೆ, ಬೇಸಿಗೆಗೆ ಹೋಗುತ್ತೇನೆ. ಅಲ್ಲಿ ಈ ಸರಣಿ ನಿಜವಾದದ್ದು ನೋಡೋಕೆ ಸಿಗುತ್ತದೆಯಾ?

ಪ್ರೆಸ್ ಚಕ್ರ
ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂ ಹತ್ತಿರ 100ಕ್ಕೆ 100 ಇದೆ, 2011ರಲ್ಲಿ ಬಂದದ್ದು. ಯಾವಾಗಲೂ ಗೋಡೆಯ ಮೇಲೆ ಇರಲ್ಲ, ಬೆಳಕು ಬಿದ್ದರೆ ಕಾಗದ ಕೆಡುತ್ತದೆ ಅಂತ. ಆದರೆ ಪ್ರಿಂಟ್ಸ್ ಮತ್ತು ಡ್ರಾಯಿಂಗ್ಸ್ ವಿಭಾಗಕ್ಕೆ ಒಂದು ಸ್ಟಡಿ ರೂಮ್ ಇದೆ. ಮುಂಚೆ ಸಮಯ ಕೇಳಿಕೊಂಡು, ಯಾವ ಹಾಳೆ ಬೇಕು ಅಂತ ಬರೆದು ಕಳಿಸಿ. ತೆಗೆದು ಮೇಜಿನ ಮೇಲೆ ಇಡುತ್ತಾರೆ. ಗೂಳಿ ತಲೆಯ ಮನುಷ್ಯ ಕುರುಡಾಗಿ ಹುಡುಗಿಯ ಹಿಂದೆ ನಡೆಯುವ ರಾತ್ರಿಯ ಹಾಳೆ ಇದೆಯಲ್ಲ, 1934ರದ್ದು, ಅದನ್ನು ಮರೆಯದೆ ಕೇಳಿ. ಪೆನ್ಸಿಲ್ ಮಾತ್ರ ಒಯ್ಯಿರಿ, ಪೆನ್ ಬೇಡ.